ಮೀನಿಗೊಂದು ಮ್ಯಾಚಿಂಗ್ ಬ್ಲೌಸ್ ಪೀಸ್

ನಮ್ಮ ಅತ್ತೆ ಮೀನುಗಳಿಗೆ ಬ್ಲೌಸ್ ಪೀಸ್ ಮ್ಯಾಚ್ ಮಾಡುತ್ತಾರೆ!

ನಗುವವರು ನಕ್ಕುಬಿಡಿ, ಕಾಯುತ್ತೇನೆ. ನಾನೂ ಮೊದಲು ನಕ್ಕವನೇ. ನಕ್ಕ ತಪ್ಪಿಗೆ ನನ್ನ ಟೋಪಿಯಲ್ಲಿ ಮೂರು ತೂತು, ಎಡಗಿವಿಯ ಹಿಂದೆ ಒಂದು ಕಲೆ, ಹೊಸ ಚಪ್ಪಲಿ ಜೋಡಿ ಮಲೇಷ್ಯಾದ ಒಂದು ನದಿಯ ಪಾಲು. ಅತ್ತೆಗಾದರೋ, ಈ ಮೀನಿನ ಹಟದಲ್ಲಿ ಕಣ್ಣೇ ಹೋಗುವುದರಲ್ಲಿತ್ತು. ಅದನ್ನು ಹೇಳುತ್ತೇನೆ, ಮೊದಲು ಈ ಹೆಂಗಸು ಎಂಥವರು ಅಂತ ಗೊತ್ತಾಗಲಿ.

ನನ್ನ ಅಪ್ಪನ ತಂಗಿ. ವಯಸ್ಸು ಐವತ್ತೊಂಬತ್ತು. ಪಕ್ಕದ ಫ್ಲ್ಯಾಟಿನವರು ಆಮ್ಲೆಟ್ ಹಾಕಿದರೆ ನಮ್ಮ ಮನೆ ಕಿಟಕಿ ತೆಗೆದು ಊದುಬತ್ತಿ ಹಚ್ಚುವಷ್ಟು ಸಸ್ಯಾಹಾರಿ. ಅಂಥವರು ಪ್ರತಿ ಶನಿವಾರ ಬೆಳಿಗ್ಗೆ ಮಲೇಷ್ಯಾದ ನಿಲಾಯ್‌ನಿಂದ ಆಚೆಗಿನ ಒಂದು ನದಿಯಲ್ಲಿ, ಚೂಡಿದಾರದ ಮೇಲೆ ರಬ್ಬರ್ ಬೂಟು ಏರಿಸಿಕೊಂಡು, ಮೊಣಕಾಲುದ್ದ ನೀರಿನಲ್ಲಿ ನಿಂತು ಗಾಳ ಬೀಸುತ್ತಾರೆ. ಬೂಟಿನ ಬಣ್ಣ ದುಪಟ್ಟಾಗೆ ಮ್ಯಾಚ್ ಆಗಿರುತ್ತದೆ. ಅದರಲ್ಲಿ ಮಾತ್ರ ರಾಜಿ ಇಲ್ಲ.

ಎರೆಹುಳು, ಸೀಗಡಿ ಮುಟ್ಟುವ ಪ್ರಶ್ನೆಯೇ ಇಲ್ಲ. ಅವರದ್ದು ಬರೀ ಲ್ಯೂರು: ಬಣ್ಣ ಹಚ್ಚಿದ ಪ್ಲಾಸ್ಟಿಕ್ ಮೀನು, ಹೊಟ್ಟೆಯ ಕೆಳಗೆ ಕೊಕ್ಕೆ. ಅದನ್ನು ಬೀಸಿ ಎಸೆದು, ರೀಲು ತಿರುಗಿಸಿ ಎಳೆದರೆ ಬದುಕಿರುವ ಮೀನಿನ ಹಾಗೆ ಈಜಿಕೊಂಡು ಬರುತ್ತದೆ. ಕೊಕ್ಕೆಯ ಮುಳ್ಳನ್ನೂ ಅತ್ತೆ ಇಕ್ಕಳದಲ್ಲಿ ಒತ್ತಿ ಮಟ್ಟ ಮಾಡಿರುತ್ತಾರೆ. ಸಿಕ್ಕ ಮೀನಿಗೆ "ಹೋಗಿ ಬಾಮ್ಮ" ಅಂತ ಹೇಳಿ ವಾಪಸ್ ಬಿಡುತ್ತಾರೆ. ಅರಿಶಿನ ಕುಂಕುಮ ಕೊಡುವುದೊಂದು ಬಾಕಿ!

ಮೈಸೂರಿನಲ್ಲಿ ಅತ್ತೆ ಇಪ್ಪತ್ತೆಂಟು ವರ್ಷ ಮ್ಯಾಚಿಂಗ್ ಸೆಂಟರ್ ನಡೆಸಿದವರು. ಸೀರೆ ತಂದರೆ ಅದಕ್ಕೆ ಒಪ್ಪುವ ಬ್ಲೌಸ್ ಪೀಸು, ಫಾಲ್ಸು, ದಾರ ಹುಡುಕಿಕೊಡುವ ಅಂಗಡಿ. ಒಬ್ಬರು ಅಡ್ಡ ನಿಂತರೆ ಇನ್ನೊಬ್ಬರಿಗೆ ಜಾಗವಿಲ್ಲ, ಬಣ್ಣ ಮಾತ್ರ ಸಾವಿರ. ಅಲ್ಲಿ ಹಸಿರು ಅಂತ ಒಂದು ಬಣ್ಣವೇ ಇರಲಿಲ್ಲ. ಗಿಣಿ ಹಸಿರು, ಪಾಚಿ ಹಸಿರು, ಬಾಳೆಸುಳಿ ಹಸಿರು, ಮೆಂತ್ಯದ ಸೊಪ್ಪಿನ ಹಸಿರು. ಪಿಂಕು ಅಂದರೆ ಬೈಸಿಕೊಳ್ಳುತ್ತಿದ್ದಿರಿ: "ಯಾವ ಪಿಂಕಮ್ಮ? ಈರುಳ್ಳಿ ಸಿಪ್ಪೆನೋ, ರಾಣಿ ಪಿಂಕೋ?" ಬಣ್ಣ ಒಪ್ಪಿದ ಮೇಲೂ ಬಿಡುತ್ತಿರಲಿಲ್ಲ. ಸೀರೆ, ಪೀಸು ಎರಡನ್ನೂ ಹಿಡಿದು ರಸ್ತೆಗೆ ಇಳಿಯುತ್ತಿದ್ದರು. "ಟ್ಯೂಬ್‌ಲೈಟ್ ಸುಳ್ಳು ಹೇಳತ್ತೆ. ಬಿಸಿಲಿಗೆ ಹಿಡಿದು ನೋಡ್ಬೇಕು."

ಇಂಥ ಅಂಗಡಿಗೆ ಹತ್ತು ವರ್ಷದ ನನ್ನನ್ನು ಬೇಸಿಗೆ ರಜೆಯಲ್ಲಿ ಸಹಾಯಕ್ಕೆ ಬಿಟ್ಟರು. ಮದುಮಗಳ ಕಡೆಯವರು ಬದನೆಕಾಯಿ ಬಣ್ಣದ ಸೀರೆ ತಂದಿದ್ದರು. "ಮೇಲಿನ ಅಟ್ಟಣಿಗೆಯಿಂದ ಬದನೆಕಾಯಿ ತಗೊಂಡು ಬಾರೋ" ಅಂದರು ಅತ್ತೆ. ನಮ್ಮ ಮನೆಯಲ್ಲಿ ವಾಂಗಿಭಾತಿಗೆ ತರುತ್ತಿದ್ದದ್ದು ಹಸಿರು ಬದನೆ. ನಾನು ಗಿಣಿ ಹಸಿರಿನ ಪೀಸು ತಂದು, ಅತ್ತೆ ಫೋನಿನಲ್ಲಿದ್ದಾಗ, ಕತ್ತರಿಸಿ, ಸುತ್ತಿ, ಕೊಟ್ಟೂ ಕಳಿಸಿದೆ! ಮದುಮಗಳ ತಾಯಿ ವಾಪಸ್ ಬಂದಾಗ ನಾನು ಅಟ್ಟಣಿಗೆಯ ಮೇಲೆಯೇ ಅಡಗಿದ್ದೆ. ಅಂದಿನಿಂದ ನಮ್ಮ ಮನೆತನದಲ್ಲಿ ಒಂದು ತೀರ್ಪು ಜಾರಿಯಲ್ಲಿದೆ: ಇವನಿಗೆ ಬಣ್ಣ ತಿಳಿಯುವುದಿಲ್ಲ. ನನಗೀಗ ಇಪ್ಪತ್ತಾರು, ಮಲೇಷ್ಯಾದಲ್ಲೇ ಕ್ಲಾಂಗ್ ಬಂದರಿನ ಒಂದು ಶಿಪ್ಪಿಂಗ್ ಆಫೀಸಿನಲ್ಲಿ ಕೆಲಸ. ತೀರ್ಪು ಇನ್ನೂ ಬದಲಾಗಿಲ್ಲ. ಶರ್ಟು ತೊಟ್ಟು ಎದುರು ನಿಂತರೆ ಅತ್ತೆ ಕೇಳುತ್ತಾರೆ: "ಇದು ಯಾವ ಬಣ್ಣ ಅಂತ ಅಂದ್ಕೊಂಡು ತಗೊಂಡೆ?"

ಎರಡು ವರ್ಷದ ಹಿಂದೆ ಅತ್ತೆ ಇದ್ದಕ್ಕಿದ್ದಂತೆ ಅಂಗಡಿ ಮುಚ್ಚಿ, ನಿಲಾಯ್‌ನಲ್ಲಿರುವ ಮಗಳ ಮನೆಗೆ ಬಂದುಬಿಟ್ಟರು. ಯಾಕೆ ಅಂದರೆ "ಸಾಕಾಯ್ತು" ಅಂದರು. ಬಂದ ವಾರವೇ ಕರಿಬೇವು ತರಲು ತಮಿಳರ ದಿನಸಿ ಅಂಗಡಿಗೆ ಹೋದವರು ಪಕ್ಕದ ಅಂಗಡಿಯ ಮುಂದೆ ಕಾಲು ಕಿತ್ತಿಡಲಾರದೆ ನಿಂತರು. ಗಾಳದ ಸಾಮಾನಿನ ಅಂಗಡಿ. ಒಂದಿಡೀ ಗೋಡೆಯ ತುಂಬ ಲ್ಯೂರುಗಳು, ನೂರಾರು ಬಣ್ಣ, ಯಾವ ಕ್ರಮವೂ ಇಲ್ಲದೆ! ಅತ್ತೆಗೆ ತಡೆಯಲಾಗಲಿಲ್ಲ. ಒಳಗೆ ಹೋಗಿ, ಯಾರನ್ನೂ ಕೇಳದೆ, ಒಂದೊಂದೇ ಬಿಚ್ಚಿ ಶೇಡು ಪ್ರಕಾರ ಜೋಡಿಸತೊಡಗಿದರು. ಅಂಗಡಿಯ ತಮಿಳು ಅಂಕಲ್ ಒಳಗಿನಿಂದ ಓಡಿಬಂದರು.

"ಅಮ್ಮಾ, ಎನ್ನ ಲಾ ಇದು! ವಾಟ್ ಯೂ ಡೂಯಿಂಗ್?"

"ಸುಮ್ನಿರಿ, ನೀಲಿ ಮಧ್ಯ ಹಳದಿ ಇಟ್ಟಿದೀರಲ್ಲ, ಕಣ್ಣು ಉರೀತಿದೆ" ಅಂದರು ಅತ್ತೆ, ಅಚ್ಚ ಮೈಸೂರು ಕನ್ನಡದಲ್ಲಿ.

ಮೂರು ಗಂಟೆಯ ನಂತರ ಗೋಡೆ ಕಾಮನಬಿಲ್ಲಿನ ಹಾಗಿತ್ತು. ಆಮೇಲೆ ಬಂದ ಗಿರಾಕಿಗಳು ತಮಗೆ ಬೇಕಾದ್ದನ್ನು ಒಂದೇ ನಿಮಿಷದಲ್ಲಿ ಹುಡುಕಿಕೊಂಡರಂತೆ. ಅಂಕಲ್ ಕೈಮುಗಿದು ಒಂದು ಲ್ಯೂರು, ಒಂದು ಹಳೆಯ ಗಾಳದ ರಾಡು ಉಡುಗೊರೆ ಕೊಟ್ಟರು. ಕರಿಬೇವು ಮರೆತುಹೋಯಿತು. ಆವತ್ತಿನ ಸಾರಿಗೆ ಒಗ್ಗರಣೆ ಇಲ್ಲ.

ಹೀಗೆ ಶುರುವಾಯಿತು. ಅತ್ತೆಯ ಪ್ರಕಾರ ಮೀನೂ ಒಂದು ಗಿರಾಕಿ, ಅಷ್ಟೇ. ಮೋಡದ ದಿನ ಗಾಢ ಬಣ್ಣ ಕೇಳುತ್ತದೆ. ತಿಳಿನೀರಿನಲ್ಲಿ ಸೌಮ್ಯವಾದದ್ದು. ಮಳೆ ಬಂದು ನೀರು ಕೆಂಪಾದರೆ ಜರಿ ಇರಲೇಬೇಕು, ಅಂದರೆ ಮಿಂಚುವ ಹಿತ್ತಾಳೆಯ, ಚಮಚದಂಥ ಲ್ಯೂರು. ಲ್ಯೂರನ್ನು ಮೂತಿಯಿಂದ ತಳ್ಳಿ ಹೋದ ಮೀನು? "ಮುಟ್ಟಿ ನೋಡಿ ಹೋಗೋ ಗಿರಾಕಿ ಅದು. ನಾಲ್ಕು ಅಂಗಡಿ ಸುತ್ತಿ ಇಲ್ಲಿಗೇ ಬರ್ತಾಳೆ. ಅದೇ ಬಣ್ಣ ಹಿಡ್ಕೊಂಡು ಕಾಯ್ಬೇಕು."

ನೀವು ನಂಬುವುದಿಲ್ಲ, ಬರುತ್ತಿತ್ತು!

ಇದನ್ನೆಲ್ಲ ನೋಡಿ ನನಗೂ ಹುರುಪು ಬಂತು. ಒಂದು ವಾರ ಆಫೀಸಿನಲ್ಲಿ ಕಂಟೇನರುಗಳ ಪಟ್ಟಿ ತೆರೆದಿಟ್ಟು, ಅದರ ಹಿಂದೆ ಮೀನಿನ ವಿಡಿಯೊಗಳನ್ನು ನೋಡಿ ಪಂಡಿತನಾದೆ. ಅಮೆರಿಕದ ಯಾರೋ ಒಬ್ಬ ಹೇಳಿದ ದಪ್ಪ ರಾಡು, ತೆಂಗಿನಕಾಯಿ ಗಾತ್ರದ ರೀಲು, ಹಗ್ಗದಂಥ ದಾರ ಎಲ್ಲ ಆರಿಸಿ ಅಂಕಲ್ ಮುಂದಿಟ್ಟೆ. ಅಂಕಲ್ ಒಮ್ಮೆ ಸಾಮಾನು ನೋಡಿದರು, ಒಮ್ಮೆ ನನ್ನ ಕೊರಳಿನ ಆಫೀಸ್ ಬ್ಯಾಡ್ಜು ನೋಡಿದರು.

"ತಂಬಿ, ಯೂ ಕ್ಯಾಚಿಂಗ್ ಫಿಶ್ ಆ? ಆರ್ ಪುಲ್ಲಿಂಗ್ ಶಿಪ್ ಆ?"

ಮೊದಲ ಶನಿವಾರ ಮೊದಲ ಎಸೆತಕ್ಕೆ ನನ್ನ ಟೋಪಿಯನ್ನೇ, ಜೊತೆಗೆ ಎಡಗಿವಿಯ ಹಿಂಬದಿಯನ್ನೂ ಹಿಡಿದೆ. ಎರಡನೆಯದಕ್ಕೆ ರೀಲಿನಲ್ಲಿ ದಾರ ಸಿಕ್ಕುಬಿದ್ದು ಗುಬ್ಬಿಗೂಡಾಯಿತು. ಮೂರನೆಯದಕ್ಕೆ ಎದುರು ದಡದ ಮರ ಸಿಕ್ಕಿತು. ಒಳ್ಳೆಯ ಗಾತ್ರದ ಮರ, ಅರ್ಧ ಗಂಟೆ ಹೋರಾಡಿದೆ. ಅತ್ತೆ ತಿರುಗಿಯೂ ನೋಡದೆ ಹೇಳಿದರು: "ಅದನ್ನೂ ವಾಪಸ್ ಬಿಟ್ಬಿಡು ಕಣೋ, ಪಾಪ."

ಈಗ ಅಸಲು ವಿಷಯ. ಆ ನದಿಗೆ ಹಳೆಯ ತವರದ ಗಣಿಯ ಹೊಂಡಗಳ ನೀರು ಬಂದು ಸೇರುತ್ತದೆ. ಅಲ್ಲಿ ಪೀಕಾಕ್ ಬಾಸ್ ಎಂಬ ಮೀನಿದೆ. ಹೆಸರಿಗೆ ತಕ್ಕಂತೆ ನವಿಲಿನ ಸೊಕ್ಕು. ಒಂದು ತಿರುವಿನಲ್ಲಿ, ಬಿದ್ದ ಮರದ ಕೆಳಗೆ, ಇಂಥದೊಂದು ದೊಡ್ಡ ಬಾಸ್ ವಾಸವಾಗಿತ್ತು. ಎರಡು ಸಲ ಅತ್ತೆಯ ಲ್ಯೂರಿಗೆ ಬಾಯಿ ಹಾಕಿ, ಎರಡು ಸಲ ಬಿಡಿಸಿಕೊಂಡು ಹೋಗಿತ್ತು. ಅತ್ತೆ ಅದನ್ನು 'ಆಯಮ್ಮ' ಅನ್ನುತ್ತಿದ್ದರು.

ಅದೇ ಸಮಯಕ್ಕೆ ಅತ್ತೆಯ ಎರಡೂ ಕಣ್ಣಿಗೆ ಪೊರೆ ಬಂದಿದೆ, ಆಪರೇಷನ್ ಆಗಬೇಕು ಅಂತ ಡಾಕ್ಟರು ಹೇಳಿದರು. ಅತ್ತೆ ಏನೆಂದರು ಗೊತ್ತೇ? "ಮೊದ್ಲು ಆಯಮ್ಮ ಸಿಗ್ಲಿ. ಆಮೇಲೆ ಕಣ್ಣು."

ಅವರ ಮಗಳು, ನಾನು ಅಕ್ಕ ಅಂತಲೇ ಕರೆಯುವುದು, ಒಂದು ಭಾನುವಾರ ನನ್ನನ್ನು ಹಾಲಿನಲ್ಲಿ ಹಿಡಿದು ಕೂರಿಸಿದಳು.

"ಎರಡು ಸಲ ಡೇಟ್ ತಗೊಂಡೆ ಕಣೋ. ಎರಡು ಸಲಾನೂ ಅಮ್ಮ ನದಿಗೆ ಓಡಿದ್ರು. ಇನ್ನೂ ತಡ ಮಾಡಿದ್ರೆ ಪೊರೆ ಬಲಿತು ಆಪರೇಷನ್ನೇ ಕಷ್ಟ ಆಗತ್ತಂತೆ. ನೀನು ಆ ದರಿದ್ರ ಮೀನು ಹಿಡಿಸು."

"ನಾನಾ? ನಾನು ಇದುವರೆಗೆ ಹಿಡಿದಿರೋದು ಟೋಪಿ ಮಾತ್ರ."

"ಶನಿವಾರ ಕೆಲ್ಸ ಇಲ್ದೆ ಅಲೆಯೋ ದಂಡಪಿಂಡ ಈ ದೇಶದಲ್ಲಿ ನೀನೊಬ್ನೇ. ಇಲ್ಲಿ ಬಾ, ಇದು ನೋಡು."

ಗೋಡೆಯ ಮೇಲೆ ಅಕ್ಕನ ಆರತಕ್ಷತೆಯ ಫೋಟೊ. ಮೂರು ವರ್ಷದ ಹಿಂದಿನದು. ಅತ್ತೆಯೇ ಮೈಸೂರಿನಿಂದ ಕಟ್ಟು ಹಾಕಿಸಿ ತಂದು, ಬಂದವರಿಗೆಲ್ಲ "ಬ್ಲೌಸ್ ನಾನೇ ಮ್ಯಾಚ್ ಮಾಡಿದ್ದು" ಅಂತ ತೋರಿಸುತ್ತಿದ್ದ ಫೋಟೊ.

"ಬ್ಲೌಸ್ ಯಾವ ಬಣ್ಣ?" ಅಂದಳು ಅಕ್ಕ.

"ನೇವಿ ಬ್ಲೂ."

"ಹೇಗೆ ಗೊತ್ತು?"

"ಅತ್ತೆ ಹೇಳಿದ್ರಲ್ಲ."

"ಕಣ್ಣು ಬಿಟ್ಟು ನೋಡು."

ನೋಡಿದೆ. ಸೀರೆ ನೇವಿ ಬ್ಲೂ. ಬ್ಲೌಸು ಇದ್ದಿಲಿನಷ್ಟು ಕಪ್ಪು. ಮದುವೆಯ ಮನೆಯಲ್ಲೂ ನನಗೆ ಅದು ಕಪ್ಪಾಗಿಯೇ ಕಂಡಿತ್ತು! ಆದರೆ ಅತ್ತೆ ನೇವಿ ಬ್ಲೂ ಅಂದ ಮೇಲೆ, ಬಣ್ಣ ತಿಳಿಯದ ಪ್ರಾಣಿ ಅಂತ ತೀರ್ಪು ಪಡೆದ ನಾನು, ನನ್ನ ಕಣ್ಣನ್ನೇ ತಿದ್ದಿಕೊಂಡಿದ್ದೆ.

"ಮತ್ಯಾಕೆ ಹಾಕ್ಕೊಂಡೆ?"

"ನಾಲ್ಕು ದಿನ ಹುಡುಕಿ ತಂದಿದ್ರು. ಬಿಸಿಲಿಗೆ ಹಿಡಿದು, 'ನೋಡು, ಒಂದೇ ಥಾನಿಂದ ಕತ್ತರಿಸಿದ ಹಾಗಿದೆ' ಅಂದ್ರು. ಆ ಮುಖ ನೋಡಿ ಹೇಗೋ ಹೇಳ್ಲಿ?" ಅಕ್ಕ ಸೆರಗಿಲ್ಲದ ಟೀ ಶರ್ಟಿನ ತುದಿಯಿಂದಲೇ ಮೂಗು ಒರೆಸಿಕೊಂಡಳು. "ಆಪರೇಷನ್ ದಿನ ಈ ಫೋಟೊ ತೆಗೆದು ಎಲ್ಲಾದ್ರೂ ಬಚ್ಚಿಡ್ಬೇಕು. ಅದೂ ನಿಂದೇ ಕೆಲ್ಸ."

ಎರಡು ಕೆಲಸ: ಮೀನು ಹಿಡಿಸುವುದು, ಫೋಟೊ ಬಚ್ಚಿಡುವುದು. ನನ್ನಂಥವನಿಗೆ ಒಂದೇ ಹೆಚ್ಚು.

ಮುಂದಿನ ಶನಿವಾರ ಅಂಕಲ್ ಅಂಗಡಿಯಲ್ಲಿ ಅತ್ತೆ ಆಯಮ್ಮನಿಗೆ ಹೊಸ ಲ್ಯೂರು ಆರಿಸಿದರು. ಬಾಗಿಲಾಚೆ ಹೋಗಿ, ಬಿಸಿಲಿಗೆ ಹಿಡಿದು, ಕಣ್ಣು ಕಿರಿದು ಮಾಡಿ, ಕತ್ತು ಆಚೆ ಈಚೆ ತಿರುಗಿಸಿ ನೋಡಿದರು. "ಇದೇ ಸರಿ. ನೇವಿ ಬ್ಲೂ ಬೆನ್ನು, ಬೆಳ್ಳಿ ಹೊಟ್ಟೆ. ಒಳ್ಳೆ ಮೈಸೂರು ಸಿಲ್ಕಿನ ಹಾಗಿದೆ."

ಬೆನ್ನು ಕಪ್ಪಾಗಿತ್ತು. ಅಂಕಲ್ ಬಾಯಿ ತೆರೆದರು. "ಅಮ್ಮಾ, ದಟ್ ಒನ್ ಬ್ಲ್ಯಾ..."

ನಾನು ಅವರ ಕಾಲು ತುಳಿದೆ. ಜೋರಾಗಿಯೇ ತುಳಿದೆ, ಮೇಲಾಗಿ ಅವರದ್ದು ಬರಿಗಾಲು. ಅಂಕಲ್ "ಐಯೋ!" ಅಂದ ಸದ್ದಿನಲ್ಲೇ ನಾನು ಕೂಗಿದೆ: "ಸೂಪರ್ ನೇವಿ ಬ್ಲೂ, ಅತ್ತೆ!"

ಅತ್ತೆ ನನ್ನ ಕಡೆ ತಿರುಗಿದರು. "ನಿನಗ್ಯಾವಾಗಿಂದಲೋ ಬಣ್ಣ ಗೊತ್ತಾಗೋಕೆ ಶುರುವಾಗಿದ್ದು?"

ನದಿಯಲ್ಲಿ ಆವತ್ತು ಮೋಡ, ಆಗಾಗ ಬಿಸಿಲು. ಅತ್ತೆ ಬಿದ್ದ ಮರದ ಪಕ್ಕಕ್ಕೆ ಲ್ಯೂರು ಎಸೆದರು. ಗುರಿಯಿಟ್ಟ ಜಾಗಕ್ಕೆ ಬೊಟ್ಟಿಟ್ಟ ಹಾಗೆ ಬಿತ್ತು. ಎರಡು ಸುತ್ತು, ಒಂದು ನಿಲುಗಡೆ. ಎರಡು ಸುತ್ತು, ಒಂದು ನಿಲುಗಡೆ. ಏನೋ ಬಂದು ತಳ್ಳಿತು. "ಮುಟ್ಟಿ ನೋಡಿದ್ಲು" ಅಂದರು ಅತ್ತೆ ಪಿಸುದನಿಯಲ್ಲಿ. ಅದೇ ಲ್ಯೂರು, ಅದೇ ಜಾಗ, ಮತ್ತೆ. ಮತ್ತೆ. ಹನ್ನೊಂದನೆಯ ಸಲ ನೀರು ಒಡೆಯಿತು. ರಾಡು ಬಿಲ್ಲಾಯಿತು.

"ಬಲೆ ತಗೊಂಡು ಬಾರೋ!"

ಬಂದೆ. ಓಡಿಯೇ ಬಂದೆ. ಪಾಚಿ ಹಸಿರಿನ ಮೇಲೆ ಕಾಲಿಟ್ಟೆ. (ಅದು ಪಾಚಿ ಹಸಿರೇ, ಯಾಕೆಂದರೆ ಅದು ಪಾಚಿಯೇ.) ಚಪ್ಪಲಿ ಎರಡೂ ಒಂದು ದಿಕ್ಕಿಗೆ, ನಾನು ಇನ್ನೊಂದು ದಿಕ್ಕಿಗೆ. ಎದೆಮಟ್ಟದ ನೀರಿನಲ್ಲಿ ಕುಕ್ಕರಿಸಿದ ನನ್ನ ತೊಡೆಯ ಮೇಲಿನ ಬಲೆಗೆ, ಓಡಲು ಹೋದ ಆಯಮ್ಮ ತಾನಾಗಿ ಬಂದು ಬಿದ್ದಳು. ನಾನು ಬೀಳದೆ ನಿಂತಿದ್ದರೆ ಅವಳು ತಪ್ಪಿಸಿಕೊಳ್ಳುತ್ತಿದ್ದಳು. ನನ್ನ ಜೀವನದ ಏಕೈಕ ಸಾಧನೆ ಇದು, ಕೂತು ಮಾಡಿದ್ದು!

ಅತ್ತೆ ನಗಲಿಲ್ಲ. ಹತ್ತಿರ ಬಂದು, ನೀರಿನಲ್ಲೇ ಮೀನನ್ನು ಎರಡೂ ಕೈಯಲ್ಲಿ ಹಿಡಿದು, ಮುಖ ಹತ್ತಿರ ತಂದರು. ಬಹಳ ಹತ್ತಿರ.

"ಬೇಗ ಹೇಳೋ. ಯಾವ ಬಣ್ಣ?"

"ನೀವೇ ನೋಡಿ ಅತ್ತೆ."

"ಕಾಣಲ್ವೋ." ಅವರ ದನಿ ಸಣ್ಣದಾಗಿತ್ತು. "ಎಲ್ಲಾನೂ ಅಕ್ಕಿ ತೊಳೆದ ನೀರಲ್ಲಿ ಅದ್ದಿದ ಹಾಗೆ ಕಾಣತ್ತೆ. ಹೇಳು, ಅವಳನ್ನ ಜಾಸ್ತಿ ಹೊತ್ತು ಹಿಡಿಯೋ ಹಾಗಿಲ್ಲ."

ನಾನು ಮೀನನ್ನು ಮರದ ನೆರಳಿನಿಂದ ಈಚೆ, ಬಿಸಿಲು ಬಿದ್ದ ಕಡೆಗೆ ಸರಿಸಿದೆ. ಹತ್ತು ವರ್ಷದವನಾಗಿ ಕೂತಿದ್ದ ಆ ಅಟ್ಟಣಿಗೆ ನೆನಪಾಯಿತು.

"ಬೆನ್ನು ಪಾಚಿ ಹಸಿರು. ಪಕ್ಕಕ್ಕೆ ಬರ್ತಾ ಬರ್ತಾ ಮಾವಿನಹಣ್ಣಿನ ರಸ."

"ರಸಪುರಿನಾ, ಬಾದಾಮಿನಾ?"

"ಬಾದಾಮಿ. ಕೆಳಗಿನ ರೆಕ್ಕೆ ಇಟ್ಟಿಗೆ ಕೆಂಪು. ಮೂರು ಪಟ್ಟೆ ಇದೆ." ಮೀನನ್ನು ಇನ್ನೊಮ್ಮೆ ಬಿಸಿಲಿಗೆ ವಾಲಿಸಿದೆ. "ಕಪ್ಪು."

"ನೇವಿ ಬ್ಲೂ ಅಲ್ವಾ?"

"ಬಿಸಿಲಿಗೆ ಹಿಡಿದು ನೋಡಿದೆ ಅತ್ತೆ. ಕಪ್ಪೇ. ಬಾಲದ ಹತ್ರ ಒಂದು ಕಪ್ಪು ಬೊಟ್ಟು, ಸುತ್ತ ಜರಿ. ಥೇಟ್ ಕಣ್ಣಿನ ಹಾಗಿದೆ."

"ಹಿಂದ್ಗಡೇನೂ ಒಂದು ಕಣ್ಣಾ!" ಅತ್ತೆ ಈಗ ನಕ್ಕರು. "ನಂಗೆ ಮುಂದಿರೋ ಎರಡಕ್ಕೇ ಗತಿ ಇಲ್ಲ. ಹೋಗಿ ಬಾಮ್ಮ."

ಆಯಮ್ಮ ಹೋದಳು. ನೀರು ಮತ್ತೆ ಸುಮ್ಮನಾಯಿತು. ಅತ್ತೆ ಬೂಟಿನೊಳಗಿನ ನೀರು ಚೆಲ್ಲುತ್ತ, ನನ್ನ ಕಡೆ ನೋಡದೆ ಹೇಳಿದರು.

"ಅಂಗಡಿ ಯಾಕೆ ಮುಚ್ದೆ ಗೊತ್ತಾ? ಒಂದೇ ವಾರದಲ್ಲಿ ಮೂರು ಜನ ಪೀಸ್ ವಾಪಸ್ ತಂದ್ರು. ಬಣ್ಣ ಸೇರಲ್ಲ ಅಂತ. ನನ್ನ ಹತ್ರ! ಅವರಾದ್ರೂ ತಂದ್ರು. ತರದೇ ಸುಮ್ನಿದ್ದೋರು ಎಷ್ಟು ಜನ ಇದ್ರೋ. ಆಪರೇಷನ್ ಆದ್ರೆ ಎಲ್ಲಾ ಕಾಣತ್ತೆ. ನಾನು ಏನೇನು ತಪ್ಪು ಕೊಟ್ಟಿದೀನಿ ಅನ್ನೋದೂ ಕಾಣತ್ತಲ್ಲೋ. ಅದಕ್ಕೇ ಒಂದಷ್ಟು ದಿನ ಆಯಮ್ಮನ್ನ ಅಡ್ಡ ಇಟ್ಕೊಂಡಿದ್ದೆ."

ನಾನು ಅವರ ಇನ್ನೊಂದು ಬೂಟು ಎತ್ತಿ ನೀರು ಚೆಲ್ಲಿದೆ.

"ನಿಮ್ಮಕ್ಕಂಗೆ ಹೇಳು, ಡೇಟ್ ತಗೊಳ್ಲಿ ಅಂತ."

ಮೊದಲ ಕಣ್ಣಿನ ಆಪರೇಷನ್ ಚೆನ್ನಾಗಿ ಆಯಿತು. ನನ್ನ ಎರಡನೆಯ ಕೆಲಸವೂ ಚೆನ್ನಾಗಿ ಆಯಿತು ಅಂತಲೇ ನಾನು ತಿಳಿದಿದ್ದೆ. ಎಲ್ಲರೂ ಆಸ್ಪತ್ರೆಯಲ್ಲಿದ್ದಾಗ ಫೋಟೊ ಇಳಿಸಿದೆ. ಎಲ್ಲಿ ಬಚ್ಚಿಡುವುದು? ಅಡುಗೆಮನೆಯಲ್ಲಿ ಅತ್ತೆ ಹುಡುಕುತ್ತಾರೆ. ಬೀರುವಿನಲ್ಲಿ ಸೀರೆ ತೆಗೆಯುತ್ತಾರೆ. ಕಣ್ಣಿನ ಆಪರೇಷನ್ ಆದವರು ಒಂದು ತಿಂಗಳು ನದಿಯ ಕಡೆ ತಲೆ ಹಾಕುವಂತಿಲ್ಲ ಅಂತ ಡಾಕ್ಟರೇ ಹೇಳಿದ್ದರಲ್ಲ? ಹಾಗಾದರೆ ಅವರು ಖಂಡಿತ ಮುಟ್ಟದ ಜಾಗ ಒಂದೇ: ಗಾಳದ ಸಾಮಾನಿನ ದೊಡ್ಡ ಬ್ಯಾಗು. ಲ್ಯೂರಿನ ಡಬ್ಬಿಗಳ ಮೇಲೆ ಫೋಟೊ ಇಟ್ಟು ಜಿಪ್ ಎಳೆದೆ. ನನ್ನ ಬುದ್ಧಿಗೆ ನಾನೇ ಬೆನ್ನು ತಟ್ಟಿಕೊಂಡೆ.

ಮರುದಿನ ಪಟ್ಟಿ ಬಿಚ್ಚಿಸಿಕೊಂಡು ಮನೆಗೆ ಬಂದ ಅತ್ತೆ ನೀರು ಕುಡಿಯಲಿಲ್ಲ, ಕೂರಲಿಲ್ಲ. ಹೊಸ ಕಣ್ಣಿನಲ್ಲಿ ಮೊದಲು ತಮ್ಮ ಬಣ್ಣಗಳನ್ನು ನೋಡಬೇಕಿತ್ತಲ್ಲ? ನೇರ ಹೋಗಿ ಗಾಳದ ಬ್ಯಾಗಿನ ಜಿಪ್ ಎಳೆದರು.

ಅಡುಗೆಮನೆಯ ಬಾಗಿಲಲ್ಲಿ ಸೌಟು ಹಿಡಿದ ಅಕ್ಕ ನನ್ನನ್ನು ನೋಡಿದಳು. ಆ ನೋಟವನ್ನು ಬರೆಯುವಷ್ಟು ಕನ್ನಡ ನನ್ನಲ್ಲಿಲ್ಲ.

ಅತ್ತೆ ಫೋಟೊ ಎತ್ತಿಕೊಂಡರು. ಟ್ಯೂಬ್‌ಲೈಟಿನ ಕೆಳಗೆ ನೋಡಿದರು. ಆಮೇಲೆ ಬಾಲ್ಕನಿಗೆ ಹೋಗಿ ಬಿಸಿಲಿಗೆ ಹಿಡಿದರು. ಬಹಳ ಹೊತ್ತು ಹಿಡಿದೇ ಇದ್ದರು.

"ಬಾರೋ ಇಲ್ಲಿ" ಅಂದರು. ಹೋದೆ. ಬ್ಲೌಸಿನ ಮೇಲೆ ಬೆರಳಿಟ್ಟು ಕೇಳಿದರು: "ಇದು ಯಾವ ಬಣ್ಣ?"

ಮೀನಿನ ಪಟ್ಟೆಯ ಬಣ್ಣವನ್ನು ಬಿಸಿಲಿಗೆ ಹಿಡಿದು ಹೇಳಿದವನು ನಾನು ಅಂತ ಅವರಿಗೆ ಗೊತ್ತು. ಅವರಿಗೆ ಗೊತ್ತಿದೆ ಅಂತ ನನಗೂ ಗೊತ್ತು.

"ನೇವಿ ಬ್ಲೂ, ಅತ್ತೆ."

ಅತ್ತೆ ನನ್ನ ಮುಖ ನೋಡಿದರು. ಹೊಸ ಕಣ್ಣಿನಿಂದ ಒಂದೇ ಸಮನೆ ನೀರು ಸುರಿಯುತ್ತಿತ್ತು. ಡ್ರಾಪ್ಸ್ ಹಾಕಿದಾಗ ಹಾಗಾಗುತ್ತದಂತೆ.

"ಥೂ ಕತ್ತೆ" ಅಂದರು, ನನ್ನ ತಲೆಗೊಂದು ಮೊಟಕಿ, ಮೊಟಕಿದ ಕೈಯನ್ನು ಅಲ್ಲೇ ಇಟ್ಟುಕೊಂಡು. "ಇಷ್ಟು ವಯಸ್ಸಾದ್ರೂ ನಿಂಗೆ ಬಣ್ಣ ತಿಳೀಲಿಲ್ಲ."

ಆಮೇಲೆ ಮೊಳೆ, ಸುತ್ತಿಗೆ ಕೇಳಿ ತರಿಸಿಕೊಂಡು ಫೋಟೊವನ್ನು ತಾವೇ ನೇತುಹಾಕಿದರು. ಹಳೆಯ ಜಾಗಕ್ಕಲ್ಲ, ಬಾಲ್ಕನಿಯ ಎದುರಿನ ಗೋಡೆಗೆ, ಬೆಳಗಿನ ಬಿಸಿಲು ನೇರ ಬೀಳುವ ಕಡೆ.